ಮನೆಯಂಗಳದ ಈಜುಕೊಳಕ್ಕೆ ನಾಲ್ಕನೆಯ ಬೇಲಿ ಏಕೆ ಬೇಕು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಪ್ರತಿ ವರ್ಷದ ಅನುಭವ. ಆ ಧಗೆಯಲ್ಲಿ ನೀರಿನ ಹತ್ತಿರ ಇರಬೇಕೆನ್ನಿಸುವುದು ಸಹಜ. ಅನುಕೂಲವಿದ್ದವರು ಹೊಸ ಬಡಾವಣೆಯ ಮನೆಯ ಹಿತ್ತಲಿನಲ್ಲಿ, ತೋಟದ ಮನೆಯ ಮುಂದೆ, ಕೆಲವೊಮ್ಮೆ ಮಾಳಿಗೆಯ ಮೇಲೆಯೂ ಸಣ್ಣದೊಂದು ಈಜುಕೊಳ ಕಟ್ಟಿಸುತ್ತಿದ್ದಾರೆ. ಕಟ್ಟಿಸುವಾಗ ಕೊಳದ ಆಳ, ಟೈಲ್ಸಿನ ಬಣ್ಣ, ಫಿಲ್ಟರು, ಪಂಪು, ನೀರಿನಡಿಯ ದೀಪ ಎಲ್ಲವೂ ಚರ್ಚೆಗೆ ಬರುತ್ತವೆ. ಕೊಳದ ಸುತ್ತ ಬೇಲಿ ಬೇಕೇ ಎಂಬ ಮಾತು ಬಂದಾಗ ಮಾತ್ರ ಬಹುತೇಕ ಎಲ್ಲರ ಉತ್ತರ ಒಂದೇ: ಮನೆಗೆ ಕಾಂಪೌಂಡ್ ಇದೆಯಲ್ಲ, ಮತ್ತೇಕೆ ಬೇಲಿ? ಈ ಲೇಖನ ಆ ಉತ್ತರವನ್ನೇ ಕುರಿತದ್ದು. ಕಾಂಪೌಂಡು ಹೊರಗಿನವರನ್ನು ತಡೆಯುತ್ತದೆ. ಕೊಳದಲ್ಲಿ ಮುಳುಗುವ ಮಗು ಸಾಮಾನ್ಯವಾಗಿ ಹೊರಗಿನಿಂದ ಬರುವುದಿಲ್ಲ, ಮನೆಯೊಳಗಿನಿಂದ ಬರುತ್ತದೆ.

ಮನೆಯ ಕೊಳಗಳಲ್ಲಿ ನೀರಿಗೆ ಬಿದ್ದ ಐದು ವರ್ಷದೊಳಗಿನ ಮಕ್ಕಳ ಪ್ರಕರಣಗಳನ್ನು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಹಿಂದೆ ಅರಿಜೋನಾ, ಕ್ಯಾಲಿಫೋರ್ನಿಯಾ, ಫ್ಲಾರಿಡಾ ರಾಜ್ಯಗಳಲ್ಲಿ ಒಂದೊಂದಾಗಿ ಪರಿಶೀಲಿಸಿತ್ತು. ಆ ಮಕ್ಕಳಲ್ಲಿ ಶೇ. 75ರಷ್ಟು ಒಂದರಿಂದ ಮೂರು ವರ್ಷದವರು. ಶೇ. 69ರಷ್ಟು ಮಕ್ಕಳು ಆ ಹೊತ್ತಿನಲ್ಲಿ ಕೊಳದ ಹತ್ತಿರ ಇರಬಹುದೆಂದು ಮನೆಯ ಯಾರೂ ಭಾವಿಸಿರಲಿಲ್ಲ. ಹೆಚ್ಚಿನವರನ್ನು ಕೊನೆಯ ಬಾರಿ ನೋಡಿದ್ದು ಮನೆಯೊಳಗೆ ಅಥವಾ ಜಗುಲಿಯಲ್ಲಿ. ಶೇ. 77ರಷ್ಟು ಮಕ್ಕಳು ಹಿರಿಯರ ಕಣ್ಣಿಂದ ಮರೆಯಾಗಿದ್ದು ಐದು ನಿಮಿಷ ಅಥವಾ ಅದಕ್ಕೂ ಕಡಿಮೆ ಹೊತ್ತು. ಕೊಳವು ಮಗುವಿನ ಸ್ವಂತ ಮನೆಯದೋ ನೆಂಟರ, ಸ್ನೇಹಿತರ ಮನೆಯದೋ ಆಗಿದ್ದದ್ದೇ ಹೆಚ್ಚು. ಬೇರೆಯವರ ಆವರಣಕ್ಕೆ ಕಣ್ತಪ್ಪಿಸಿ ನುಗ್ಗಿದ ಮಕ್ಕಳು ಶೇ. 2ಕ್ಕಿಂತಲೂ ಕಡಿಮೆ. ದೇಶ ಬೇರೆ, ಮನೆಯ ರೀತಿ ಬೇರೆ, ನಿಜ. ಆದರೆ ಎರಡು ವರ್ಷದ ಮಗು ತೆರೆದ ಬಾಗಿಲನ್ನು ಕಂಡಾಗ ಏನು ಮಾಡುತ್ತದೆ ಎಂಬುದು ಯಾವ ದೇಶದಲ್ಲಿಯೂ ಬೇರೆಯಲ್ಲ.

ಮುಳುಗುವಾಗ ಮಗು ಕೂಗುತ್ತದೆ, ಕೈಕಾಲು ಬಡಿಯುತ್ತದೆ, ಯಾರಿಗಾದರೂ ಸದ್ದು ಕೇಳಿಸಿಯೇ ಕೇಳಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಇದು ತಪ್ಪು. ಉಸಿರಾಡಲಾಗದವರು ಕೂಗಲೂ ಆಗುವುದಿಲ್ಲ. ಚಿಕ್ಕ ಮಕ್ಕಳ ತಲೆ ದೇಹದ ಉಳಿದ ಭಾಗಕ್ಕೆ ಹೋಲಿಸಿದರೆ ದೊಡ್ಡದು, ಭಾರವಾದದ್ದು. ದಂಡೆಯಲ್ಲಿ ಬಗ್ಗಿ ನೀರಿನಲ್ಲಿ ಬಿದ್ದ ಚೆಂಡಿಗೆ ಕೈ ಚಾಚಿದರೆ ಮಗು ತಲೆಕೆಳಗಾಗಿಯೇ ಬೀಳುತ್ತದೆ, ಬಿದ್ದ ಮೇಲೆ ತಲೆಯನ್ನು ಮೇಲೆತ್ತುವ ಶಕ್ತಿ ಅದರ ಕತ್ತಿಗೆ, ತೋಳಿಗೆ ಇರುವುದಿಲ್ಲ. ಒಂದೆರಡು ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನಾಲ್ಕರಿಂದ ಆರು ನಿಮಿಷ ಆಮ್ಲಜನಕ ಸಿಗದಿದ್ದರೆ ಮೆದುಳಿಗೆ ಮತ್ತೆ ಸರಿಪಡಿಸಲಾಗದ ಪೆಟ್ಟು ಬೀಳುತ್ತದೆ. ಒಲೆಯ ಮೇಲಿನ ಹಾಲು ಇಳಿಸಿ, ಬಾಗಿಲಿಗೆ ಬಂದವರೊಡನೆ ಎರಡು ಮಾತಾಡಿ ಬರುವಷ್ಟು ಹೊತ್ತು ಅದು. ಯಾವ ತಾಯಿಯೂ, ಯಾವ ಅಜ್ಜಿಯೂ ದಿನಕ್ಕೆ ಹತ್ತು ಸಲ ಅಷ್ಟು ಹೊತ್ತು ಕಣ್ಣು ತಪ್ಪಿಸದೆ ಇರಲಾರರು. ತುಂಬಿದ ಮನೆಯಲ್ಲಿ ಅಪಾಯ ಕಡಿಮೆ ಎನ್ನುವಂತೆಯೂ ಇಲ್ಲ. ಮದುವೆ, ತೊಟ್ಟಿಲು ಕಾರ್ಯಗಳಲ್ಲಿ ಮಗು ಇನ್ನೊಬ್ಬರ ಹತ್ತಿರ ಇದೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ. ತಡೆಬೇಲಿ ಇರುವುದು ಈ ಕೆಲವು ನಿಮಿಷಗಳಿಗಾಗಿ. ಅದು ಹಿರಿಯರ ಕಾವಲಿನ ಬದಲಿಗೆ ಅಲ್ಲ, ಕಾವಲು ತಪ್ಪಿದ ಗಳಿಗೆಗೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕೊಪ್ಪಳದ ಹೊರವಲಯದಲ್ಲಿ 60 ಅಡಿ ಅಗಲ, 80 ಅಡಿ ಉದ್ದದ ನಿವೇಶನ. ಸುತ್ತ ಐದೂವರೆ ಅಡಿಯ ಕಾಂಪೌಂಡ್. ಹಿಂದೆ ಹಿತ್ತಲು, ಹಿತ್ತಲಿನಲ್ಲಿ ಕೊಳ. ಅಡುಗೆಮನೆಯ ಹಿಂಬಾಗಿಲು ನೇರವಾಗಿ ಕೊಳದ ಕಡೆಗೆ ತೆರೆದುಕೊಳ್ಳುತ್ತದೆ. ಈ ಕೊಳಕ್ಕೆ ಮೂರು ಬದಿಗಳಲ್ಲಿ ಗೋಡೆಯಿದೆ, ನಾಲ್ಕನೆಯ ಬದಿ ಮನೆಯೇ. ಬೀದಿಯ ಹುಡುಗರಿಗೆ ಇದು ಭದ್ರವಾದ ಆವರಣ. ಮನೆಯ ಮಗುವಿಗೆ ಇಲ್ಲಿ ತಡೆ ಎಂಬುದೇ ಇಲ್ಲ, ಏಕೆಂದರೆ ಬೇಸಿಗೆಯಲ್ಲಿ ಗಾಳಿಗಾಗಿ ನಮ್ಮ ಕಡೆ ಹಿಂಬಾಗಿಲು ಸದಾ ತೆರೆದೇ ಇರುತ್ತದೆ. ಮನೆಗೂ ಕೊಳಕ್ಕೂ ನಡುವೆ ಪ್ರತ್ಯೇಕವಾಗಿ ಹಾಯುವ ಬೇಲಿಯೇ ನಾಲ್ಕನೆಯ ಬೇಲಿ. ನಿವೇಶನದ ಗಡಿಗೆ ಮಾತ್ರ ಹಾಕಿದ ಬೇಲಿಗೂ ಕೊಳವನ್ನು ನಾಲ್ಕೂ ಕಡೆಯಿಂದ ಬೇರ್ಪಡಿಸಿದ ಬೇಲಿಗೂ ಇರುವ ವ್ಯತ್ಯಾಸವನ್ನು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದ ಸಂಶೋಧಕರು, ಎರಡನೆಯದರಿಂದ ಚಿಕ್ಕ ಮಕ್ಕಳು ಮುಳುಗುವ ಅಪಾಯ ಸುಮಾರು ಶೇ. 83ರಷ್ಟು ಕಡಿಮೆಯಾಗುತ್ತದೆ ಎಂದು ಕಂಡುಕೊಂಡಿದ್ದಾರೆ. ಎರಡಕ್ಕೂ ನಡುವೆ ಇರುವುದು ಒಂದೇ ಒಂದು ಬದಿ ಎಂಬುದನ್ನು ನೆನೆದರೆ ಈ ಅಂಕಿಯ ತೂಕ ತಿಳಿಯುತ್ತದೆ.

ನಮ್ಮಲ್ಲಿ ವಾಸ್ತು ನೋಡಿ ಮನೆ ಕಟ್ಟಿಸುವವರು ನೀರನ್ನು ಈಶಾನ್ಯ ಮೂಲೆಯಲ್ಲಿ ಇರಿಸುತ್ತಾರೆ. ಸಂಪು ಆಗಲಿ ಕೊಳವಾಗಲಿ ಅಲ್ಲಿಗೇ ಬರುತ್ತದೆ. ಪೂರ್ವ ಇಲ್ಲವೇ ಉತ್ತರಕ್ಕೆ ಮುಖಮಾಡಿದ ಮನೆಯಲ್ಲಿ ಈಶಾನ್ಯವೆಂದರೆ ತಲೆಬಾಗಿಲಿನ ಪಕ್ಕವೇ. ಆ ನಂಬಿಕೆಯನ್ನು ಪ್ರಶ್ನಿಸುವ ಅಗತ್ಯ ಇಲ್ಲಿಲ್ಲ. ಆದರೆ ಮನೆಯಲ್ಲಿ ಅತಿ ಹೆಚ್ಚು ಬಾರಿ ತೆರೆದು ಮುಚ್ಚುವ ಬಾಗಿಲಿನಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ ನೀರು ಇದೆ ಎಂಬುದನ್ನು ನಕ್ಷೆ ಬರೆಯುವಾಗಲೇ ಗಮನಿಸಿ, ಬೇಲಿಗೂ ಗೇಟಿಗೂ ಜಾಗ ಬಿಡಬೇಕು. ಕಟ್ಟಿದ ಮೇಲೆ ಬೇಲಿ ಹಾಕಲು ಹೋದರೆ ದಂಡೆಯಲ್ಲಿ ಎರಡಡಿ ಜಾಗವೂ ಉಳಿದಿರುವುದಿಲ್ಲ.

ಬೇಲಿ ಹೇಗಿರಬೇಕು ಎಂಬುದಕ್ಕೆ ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ನಿಖರವಾದ ಅಳತೆಗಳಿವೆ. ಆಸ್ಟ್ರೇಲಿಯದಲ್ಲಿ 30 ಸೆಂಟಿಮೀಟರಿಗಿಂತ ಹೆಚ್ಚು ನೀರು ನಿಲ್ಲುವ ಕೊಳಕ್ಕೆ, ಎಂದರೆ ಒಂದಡಿ ಆಳಕ್ಕೂ, ಬೇಲಿ ಕಡ್ಡಾಯ. ಈ ಅಳತೆಗಳು ನಮ್ಮ ಕಾನೂನಲ್ಲ. ಆದರೂ ಇವನ್ನು ಹಾಗೆಯೇ ತೆಗೆದುಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇವು ಕಚೇರಿಯಲ್ಲಿ ಕುಳಿತು ಗೊತ್ತುಮಾಡಿದ ಅಂಕಿಗಳಲ್ಲ, ಐದು ವರ್ಷದೊಳಗಿನ ಮಗುವಿನ ತಲೆಯ ಅಗಲ, ಕೈ ನಿಲುಕುವ ಎತ್ತರ, ಪಾದ ಊರುವ ಸಂದು ಇವುಗಳಿಂದ ಹುಟ್ಟಿದವು. ಅಳತೆಯ ಹಿಂದಿನ ಕಾರಣ ತಿಳಿದಿದ್ದರೆ ಗೌಂಡಿಗೂ ವೆಲ್ಡಿಂಗ್ ಅಂಗಡಿಯವರಿಗೂ ವಿವರಿಸುವುದು ಸುಲಭ.

ಎತ್ತರದಿಂದ ತೊಡಗೋಣ. ಅಮೆರಿಕದ ಆಯೋಗದ ಮಾರ್ಗಸೂಚಿಯಲ್ಲಿ ಬೇಲಿ ಕನಿಷ್ಠ 48 ಇಂಚು, ಎಂದರೆ ನಾಲ್ಕಡಿ ಇರಬೇಕು. ಆಸ್ಟ್ರೇಲಿಯದ ಮಾನಕದಲ್ಲಿ 1.2 ಮೀಟರ್, ಎರಡೂ ಹೆಚ್ಚುಕಡಿಮೆ ಒಂದೇ. ಇಲ್ಲಿ ಮರೆಯಬಾರದ ವಿಷಯವೆಂದರೆ ಈ ಎತ್ತರವನ್ನು ಅಳೆಯಬೇಕಾದದ್ದು ಕೊಳದ ಕಡೆಯಿಂದಲ್ಲ, ಹೊರಗಡೆಯಿಂದ, ಮಗು ನಿಂತಿರುವ ನೆಲದಿಂದ. ಹೊರಗೆ ಒಂದೂವರೆ ಅಡಿಯ ಕೂರುವ ಕಟ್ಟೆ ಕಟ್ಟಿ ಅದಕ್ಕೆ ತಾಗಿಸಿ ನಾಲ್ಕಡಿ ಬೇಲಿ ನಿಲ್ಲಿಸಿದರೆ ಕಟ್ಟೆಯೇರಿದ ಮಗುವಿಗೆ ಅದು ಎರಡೂವರೆ ಅಡಿಯ ಬೇಲಿ. ಹೂಕುಂಡದ ಸಾಲು, ಏರ್ ಕೂಲರಿನ ಸ್ಟ್ಯಾಂಡು, ಪಂಪಿನ ಪೆಟ್ಟಿಗೆ, ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿ, ಸಂಜೆ ಕೂರಲು ಎಳೆದು ತಂದ ಹೊರಸು ಎಲ್ಲವೂ ಇದೇ ಕೆಲಸ ಮಾಡುತ್ತವೆ. ಆದ್ದರಿಂದಲೇ ಆಸ್ಟ್ರೇಲಿಯದ ಮಾನಕ ಬೇಲಿಯ ಹೊರಮೈಗೆ ಹೊಂದಿಕೊಂಡು 90 ಸೆಂಟಿಮೀಟರ್, ಎಂದರೆ ಸರಿಸುಮಾರು ಮೂರಡಿ, ಹತ್ತಲು ಯಾವ ಆಧಾರವೂ ಇಲ್ಲದ ಖಾಲಿ ವಲಯವನ್ನು ಕೇಳುತ್ತದೆ. ಬೇಲಿಯನ್ನು ಒಮ್ಮೆ ಸರಿಯಾಗಿ ಹಾಕಿದರೆ ಸಾಲದು. ಈ ಮೂರಡಿಯನ್ನು ದಿನವೂ ಖಾಲಿ ಇಡಬೇಕು. ಕಷ್ಟದ ಕೆಲಸವೆಂದರೆ ಇದೇ.

ಬೇಲಿಯ ಕೆಳಅಂಚಿಗೂ ನೆಲಕ್ಕೂ ನಡುವಿನ ಸಂದು ಮಣ್ಣಿನ ನೆಲದ ಮೇಲಾದರೆ 2 ಇಂಚು ಮೀರಬಾರದು, ಕಾಂಕ್ರೀಟಿನ ಮೇಲಾದರೆ 4 ಇಂಚಿನವರೆಗೆ ಇರಬಹುದು. ಮಣ್ಣನ್ನು ಮಗುವೂ ನಾಯಿಯೂ ಕೆದರಬಲ್ಲವು, ಮಳೆನೀರೂ ಕೊಚ್ಚಿಕೊಂಡು ಹೋಗಬಲ್ಲದು; ಅದಕ್ಕೇ ಅಲ್ಲಿ ಬಿಗಿ ಹೆಚ್ಚು. ಬೇಲಿಯ ಯಾವ ಸಂದಿನಲ್ಲಿಯೂ 4 ಇಂಚು ವ್ಯಾಸದ ಗೋಲ ತೂರಬಾರದು. ತಲೆ ತೂರದ ಸಂದಿನಲ್ಲಿ ಮಗು ತೂರುವುದಿಲ್ಲ ಎಂಬುದೇ ಈ ನಿಯಮದ ಮೂಲ.

ಅಡ್ಡಪಟ್ಟಿಗಳ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಈಗ ನಮ್ಮ ಊರುಗಳಲ್ಲಿ ಮೆಟ್ಟಿಲಿಗೂ ಬಾಲ್ಕನಿಗೂ ಒಂದರ ಮೇಲೊಂದು ನಾಲ್ಕೈದು ಅಡ್ಡ ಕೊಳವೆಗಳಿರುವ ಸ್ಟೇನ್‌ಲೆಸ್ ಸ್ಟೀಲಿನ ಕಂಬಿ ಹಾಕಿಸುವುದು ರೂಢಿ. ನೋಡಲು ಚೆಂದ. ಕೊಳದ ಸುತ್ತ ಅದನ್ನೇ ಹಾಕಿಸಿದರೆ ಮಗುವಿಗೆ ಏಣಿಯನ್ನು ಒದಗಿಸಿದಂತೆ. ಅಡ್ಡಪಟ್ಟಿ ಬೇಕೇ ಬೇಕೆಂದರೆ ಕೆಳಗಿನದರ ಮೇಲಂಚಿನಿಂದ ಮೇಲಿನದರ ಮೇಲಂಚಿಗೆ 45 ಇಂಚಿನ ಅಂತರವಿರಬೇಕು. ಎಂದರೆ ನಾಲ್ಕಡಿ ಬೇಲಿಯಲ್ಲಿ ಅಡಿಗೊಂದು, ಮುಡಿಗೊಂದು, ನಡುವೆ ಯಾವುದೂ ಇಲ್ಲ. ಆಗ ನೇರ ಕಂಬಿಗಳ ನಡುವಿನ ಸಂದು 4 ಇಂಚಿನವರೆಗೆ ಇರಬಹುದು. ಅಡ್ಡಪಟ್ಟಿಗಳು ಅದಕ್ಕಿಂತ ಹತ್ತಿರವಿದ್ದರೆ ಅವನ್ನು ಬೇಲಿಯ ಒಳಮೈಗೆ, ಕೊಳದ ಕಡೆಗೆ ಬೆಸೆಯಬೇಕು, ನೇರ ಕಂಬಿಗಳ ಸಂದನ್ನು 1¾ ಇಂಚಿಗೆ ಇಳಿಸಬೇಕು. ಅಷ್ಟು ಕಿರಿದಾದ ಸಂದಿನಲ್ಲಿ ಮಗು ಪಾದ ತೂರಿಸಿ ಒಳಗಿನ ಅಡ್ಡಪಟ್ಟಿಯ ಮೇಲೆ ಊರಲಾಗುವುದಿಲ್ಲ. ಬಳ್ಳಿ, ನವಿಲು, ಹೂವಿನ ಚಿತ್ತಾರದ ಗ್ರಿಲ್ಲಿಗೂ ಇದೇ ಅಳತೆ ಅನ್ವಯಿಸುತ್ತದೆ. ಚಿತ್ತಾರದ ಒಂದೊಂದು ಬಾಗೂ ಒಂದೊಂದು ಮೆಟ್ಟಿಲು. ಚೈನ್ ಲಿಂಕ್ ಜಾಲರಿಯಾದರೆ ಕಣ್ಣಿನ ಅಳತೆ 1¼ ಇಂಚು ಮೀರಬಾರದು. ಹೊಲದ ಬೇಲಿಗೆ ಬಳಸುವ ಅಗಲ ಕಣ್ಣಿನ ಜಾಲರಿಯಲ್ಲಿ ಮಗುವಿನ ಹೆಬ್ಬೆರಳು ಸಲೀಸಾಗಿ ಊರುತ್ತದೆ.

ಕಲ್ಲುಗಳ ನಾಡಾದ ನಮ್ಮಲ್ಲಿ ಇನ್ನೊಂದು ತೊಡಕಿದೆ. ಒಡ್ಡೊಡ್ಡಾದ ಕಲ್ಲಿನಿಂದ ಕಟ್ಟಿ ಸಂದುಗಳಿಗೆ ಮಾತ್ರ ಗಾರೆ ತುಂಬಿದ ಗೋಡೆ ಎಷ್ಟೇ ಎತ್ತರವಿದ್ದರೂ ಉಬ್ಬುತಗ್ಗುಗಳಿಂದ ತುಂಬಿರುತ್ತದೆ, ನಾಲ್ಕು ವರ್ಷದ ಹುಡುಗ ಸುಲಭವಾಗಿ ಹತ್ತುತ್ತಾನೆ. ಅಂಥ ಗೋಡೆಯನ್ನು ಕೊಳದ ತಡೆಯಾಗಿ ಎಣಿಸಬೇಕಾದರೆ ಹತ್ತುವ ಕಡೆಯ ಮೈಗೆ ನುಣುಪಾದ ಗಿಲಾವು ಬೇಕು. ಇದಕ್ಕೆ ಬದಲಾಗಿ ಹೊಲದ ಬದುವಿನಲ್ಲಿ ನಿಲ್ಲಿಸುವಂತೆ ಉದ್ದನೆಯ ಕಲ್ಲು ಚಪ್ಪಡಿಗಳನ್ನು ಒತ್ತೊತ್ತಾಗಿ ನೆಟ್ಟರೆ ಅದು ಒಳ್ಳೆಯ ತಡೆ: ಕಾಲೂರಲು ಜಾಗವಿಲ್ಲ, ತುಕ್ಕು ಹಿಡಿಯುವುದಿಲ್ಲ. ಚಪ್ಪಡಿಗಳ ಮೈ ನುಣುಪಾಗಿರಬೇಕು, ನಡುವಿನ ಸಂದು 4 ಇಂಚಿನೊಳಗಿರಬೇಕು, ಮನೆಯಿಂದ ಕೊಳ ಕಾಣುವಂತೆ ಒಂದು ಬದಿಯಲ್ಲಾದರೂ ಕಂಬಿಯ ಬೇಲಿ ಇರಬೇಕು. ಕಣ್ಣಿಗೆ ಕಾಣದ ಕೊಳ ಇನ್ನೊಂದು ಅಪಾಯ.

ಬೇಲಿಯಲ್ಲಿ ಬೇಗ ಸೋಲುವ ಭಾಗ ಗೇಟು. ಗೇಟು ತಾನಾಗಿಯೇ ಮುಚ್ಚಿಕೊಳ್ಳಬೇಕು, ಮುಚ್ಚಿಕೊಂಡಾಗ ಅಗುಳಿ ತಾನಾಗಿಯೇ ಬೀಳಬೇಕು. ನಾವು ಬಳಸುವ ಸಾಮಾನ್ಯ ಗೇಟುಗಳಲ್ಲಿ ಇವೆರಡೂ ಇರುವುದಿಲ್ಲ. ಕೈಯಿಂದ ತಳ್ಳಿ, ಕೈಯಿಂದ ಚಿಲಕ ಹಾಕಬೇಕು. ಕೈತುಂಬ ಒದ್ದೆ ಬಟ್ಟೆ ಹಿಡಿದು ಬರುವವರು ಚಿಲಕ ಹಾಕುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಆದ್ದರಿಂದ ಸ್ಪ್ರಿಂಗ್ ಇರುವ ಬಿಜಾಗರಿಗೆ ಹಣ ಹಾಕಬೇಕು. ಗೇಟು ಕೊಳದಿಂದ ಹೊರಗಡೆಗೆ, ಎಂದರೆ ಮಗು ಬರುವ ಕಡೆಗೆ ತೆರೆದುಕೊಳ್ಳಬೇಕು. ಅಗುಳಿ ಪೂರ್ತಿ ಬೀಳದೆ ಉಳಿದಿದ್ದರೂ ಮಗು ಬಂದು ತಳ್ಳಿದಾಗ ಗೇಟು ಮುಚ್ಚುತ್ತದೆಯೇ ಹೊರತು ತೆರೆಯುವುದಿಲ್ಲ. ಅಗುಳಿಯನ್ನು ಬಿಡಿಸುವ ಗುಂಡಿ ಗೇಟಿನ ಅಡಿಯಿಂದ 54 ಇಂಚು ಎತ್ತರದಲ್ಲಿದ್ದರೆ ಚಿಕ್ಕ ಮಗುವಿಗೆ ನಿಲುಕುವುದಿಲ್ಲ. ಅದಕ್ಕಿಂತ ಕೆಳಗಿದ್ದರೆ ಅದನ್ನು ಗೇಟಿನ ಒಳಮೈಯಲ್ಲಿ, ಮೇಲಂಚಿನಿಂದ 3 ಇಂಚಾದರೂ ಕೆಳಗೆ ಇಡಬೇಕು; ದೊಡ್ಡವರು ಮೇಲಿನಿಂದ ಕೈ ಬಾಗಿಸಿ ಬಿಡಿಸಬಲ್ಲರು, ಮಗುವಿಗೆ ಆಗದು. ಜೊತೆಗೆ ಗುಂಡಿಯ ಸುತ್ತ 18 ಇಂಚು, ಎಂದರೆ ಒಂದು ಮೊಳದೊಳಗೆ ಅರ್ಧ ಇಂಚಿಗಿಂತ ದೊಡ್ಡ ಕಿಂಡಿ ಇರಕೂಡದು, ಇದ್ದರೆ ಪುಟ್ಟ ಕೈ ಅಲ್ಲಿಂದ ತೂರಿ ಗುಂಡಿಯನ್ನು ಮುಟ್ಟುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿಸಿದ ಗೇಟೂ ನಮ್ಮ ನೆಲದಲ್ಲಿ ಒಂದೆರಡು ವರ್ಷಗಳಲ್ಲಿ ಕೆಲಸ ನಿಲ್ಲಿಸಬಹುದು. ಕಾರಣ ಎರೆ ಮಣ್ಣು. ಸಿರುಗುಪ್ಪ, ಸಿಂಧನೂರು, ಯಲಬುರ್ಗಾ ಕಡೆಯ ಎರೆ ನೆಲ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಎರಡಡಿ ಗುಂಡಿ ತೋಡಿ ಕಾಂಕ್ರೀಟು ಸುರಿದು ನಿಲ್ಲಿಸಿದ ಗೇಟಿನ ಕಂಬಗಳು ಈ ಉಸಿರಾಟದಲ್ಲಿ ಒಂದು ಒಂದು ಕಡೆಗೆ, ಇನ್ನೊಂದು ಇನ್ನೊಂದು ಕಡೆಗೆ ವಾಲುತ್ತವೆ. ಅಗುಳಿಗೂ ಅದು ಬೀಳಬೇಕಾದ ಕೊಂಡಿಗೂ ನಡುವೆ ಕಾಲು ಇಂಚು ವ್ಯತ್ಯಾಸ ಬಂದರೆ ಸಾಕು, ಗೇಟು ಮುಚ್ಚಿದಂತೆ ಕಂಡರೂ ಅಗುಳಿ ಬಿದ್ದಿರುವುದಿಲ್ಲ. ದೂರದಿಂದ ನೋಡಿದವರಿಗೆ ತಿಳಿಯುವುದೇ ಇಲ್ಲ. ಈ ದೋಷವನ್ನು ಕಟ್ಟುವಾಗಲೇ ತಪ್ಪಿಸಬಹುದು. ಗೇಟಿನ ಎರಡೂ ಕಂಬಗಳನ್ನು ನೆಲದಡಿಯಲ್ಲಿ ಒಂದೇ ಕಾಂಕ್ರೀಟ್ ತೊಲೆಯಿಂದ ಬಿಗಿದರೆ ನೆಲ ಎದ್ದರೂ ಇಳಿದರೂ ಎರಡೂ ಒಟ್ಟಿಗೆ ಚಲಿಸುತ್ತವೆ, ಅಗುಳಿಯ ನೇರ ತಪ್ಪುವುದು ಕಡಿಮೆ. ತೊಲೆಯ ಸುತ್ತಲಿನ ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸ್ ಮಾಡಿಸಬೇಕು. ಕೊಳದ ಗೋಡೆಯನ್ನೇ ಉಬ್ಬುವ ನೆಲದಿಂದ ಕಾಪಾಡಲು ಎಂಜಿನಿಯರರು ಎಷ್ಟೋ ಲೆಕ್ಕ ಹಾಕಿರುತ್ತಾರೆ. ಅದೇ ಲೆಕ್ಕದ ಸಣ್ಣ ಪಾಲನ್ನು ಗೇಟಿನ ಕಂಬಕ್ಕೂ ಕೊಡಿ ಎಂದು ಕೇಳಬೇಕು. ಮಣ್ಣಲ್ಲದೆ ಧೂಳು, ಬೋರಿನ ಗಡಸು ನೀರು, ನೀರಿನಲ್ಲಿನ ಕ್ಲೋರಿನ್ ಸಹ ಸ್ಪ್ರಿಂಗನ್ನು ಹಾಳುಮಾಡುತ್ತವೆ. ಬರಿಯ ಕಬ್ಬಿಣಕ್ಕೆ ಬಣ್ಣ ಬಳಿದು ಸುಮ್ಮನಾಗುವುದಕ್ಕಿಂತ ಸತುವಿನ ಲೇಪವಿರುವ ಕೊಳವೆ, ಸ್ಟೇನ್‌ಲೆಸ್ ಸ್ಟೀಲಿನ ಬಿಜಾಗರಿ ಬಳಸುವುದು ಮೇಲು.

ಜಾಗ ಸಾಲದೆ ಮನೆಯ ಗೋಡೆಯನ್ನೇ ನಾಲ್ಕನೆಯ ಬದಿಯಾಗಿ ಎಣಿಸಬೇಕಾದ ಸಂದರ್ಭಗಳೂ ಉಂಟು. ಆಗ ಕೊಳದ ಕಡೆಗೆ ತೆರೆಯುವ ಪ್ರತಿಯೊಂದು ಬಾಗಿಲಿಗೂ ಎಚ್ಚರಿಕೆಯ ಗಂಟೆ ಇರಬೇಕೆಂದು ಅಮೆರಿಕದ ಮಾರ್ಗಸೂಚಿ ಹೇಳುತ್ತದೆ: ಬಾಗಿಲು ತೆರೆದ 7 ಸೆಕೆಂಡುಗಳೊಳಗೆ ಅದು ಬಾರಿಸಬೇಕು, 10 ಅಡಿ ದೂರದಲ್ಲಿಯೂ 85 ಡೆಸಿಬೆಲ್ ಕೇಳಿಸಬೇಕು, ದೊಡ್ಡವರು ಓಡಾಡುವಾಗ ಅದನ್ನು ತಡೆಯುವ ಸ್ವಿಚ್ಚು 54 ಇಂಚಿಗಿಂತ ಮೇಲಿರಬೇಕು, ಆ ತಡೆಯೂ 15 ಸೆಕೆಂಡು ಮೀರಬಾರದು. ಫ್ರಾನ್ಸಿನಲ್ಲಿ 2003ರ ಕಾನೂನಿನ ಪ್ರಕಾರ ಬೇಲಿ, ಗಂಟೆ, ಹೊದಿಕೆ, ಮುಚ್ಚಿದ ಚಾವಣಿ ಈ ನಾಲ್ಕರಲ್ಲಿ ಒಂದಾದರೂ ಇರಲೇಬೇಕು. ಈ ನಾಲ್ಕನ್ನೂ ಸಮವೆಂದು ಕಾಣಲು ನನಗೆ ಮನಸ್ಸಿಲ್ಲ. ಗಂಟೆ ಬಾರಿಸುವುದು ಮಗು ಬಾಗಿಲು ದಾಟಿದ ಮೇಲೆ. ಬೇಲಿ ತಡೆಯುವುದು ದಾಟುವ ಮೊದಲು. ದಿನಕ್ಕೆ ಐವತ್ತು ಸಲ ಕೂಗುವ ಗಂಟೆಯನ್ನು ಮನೆಯವರು ವಾರದೊಳಗೆ ಬಂದ್ ಮಾಡುತ್ತಾರೆ. ಕರೆಂಟು ಹೋದಾಗ ಬ್ಯಾಟರಿಯೂ ಖಾಲಿಯಾಗಿದ್ದರೆ ಅದು ಇದ್ದೂ ಇಲ್ಲದಂತೆ. ಬೇಲಿಯ ಜೊತೆಗೆ ಗಂಟೆ ಇರಲಿ, ಬೇಲಿಯ ಬದಲಿಗೆ ಬೇಡ.

ಹೊದಿಕೆಯ ವಿಚಾರದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಲೆ, ಧೂಳು ಬೀಳದಿರಲೆಂದು, ಬಿಸಿಲಿಗೆ ನೀರು ಆರದಿರಲೆಂದು ಕೊಳದ ಮೇಲೆ ತಾಡಪತ್ರಿಯನ್ನೋ ಹಸಿರು ನೆರಳುಪರದೆಯನ್ನೋ ಎಳೆದು ಕಟ್ಟುವುದು ನಮ್ಮಲ್ಲಿ ಉಂಟು. ಇದು ರಕ್ಷಣೆಯಲ್ಲ, ಅಪಾಯವನ್ನು ಹೆಚ್ಚಿಸುವ ಮುಚ್ಚಳ. ಅದನ್ನು ನೆಲವೆಂದು ತಿಳಿದು ಕಾಲಿಟ್ಟ ಮಗು ಅದರೊಡನೆ ಒಳಗಿಳಿಯುತ್ತದೆ, ಮೇಲೆ ಪರದೆ ಮುಚ್ಚಿಕೊಳ್ಳುತ್ತದೆ, ಹುಡುಕುವವರ ಕಣ್ಣಿಗೆ ಕೊಳ ಖಾಲಿಯಾಗಿ ಕಾಣುತ್ತದೆ. ಸುರಕ್ಷಾ ಹೊದಿಕೆ ಎಂಬ ಹೆಸರಿಗೆ ಅರ್ಹವಾಗಬೇಕಾದರೆ ಅಮೆರಿಕದ ಮಾನಕದಂತೆ ಅದು 485 ಪೌಂಡ್, ಎಂದರೆ ಸುಮಾರು 220 ಕಿಲೋ ತೂಕವನ್ನು ಹೊರಬೇಕು. ಎರಡು ಮಂದಿ ದೊಡ್ಡವರು, ಒಂದು ಮಗು ಒಟ್ಟಿಗೆ ಅದರ ಮೇಲೆ ನಿಂತರೂ, ಎಂದರೆ ಬಿದ್ದ ಮಗುವನ್ನು ಎತ್ತಲು ಇಬ್ಬರು ಓಡಿಬಂದರೂ, ತಡೆಯುವಷ್ಟು ಬಲ ಎಂಬುದು ಆ ಅಂಕಿಯ ಹಿಂದಿನ ಲೆಕ್ಕ.

ಬೇಸಿಗೆಯಲ್ಲಿ ಮಕ್ಕಳಿಗೆಂದು ತರಿಸುವ, ಗಾಳಿ ತುಂಬುವ ಅಥವಾ ಕೊಳವೆಯ ಚೌಕಟ್ಟಿನ ಕೊಳಗಳಿಗೂ ಇದೇ ಮಾತು ಸಲ್ಲುತ್ತದೆ. ಗೋಡೆ ನಾಲ್ಕಡಿ ಎತ್ತರದ ಗಟ್ಟಿ ಗೋಡೆಯಾಗಿದ್ದರೆ ಗೋಡೆಯೇ ತಡೆಯಾಗುತ್ತದೆ, ಆದರೆ ಬಳಸಿದ ಮೇಲೆ ಏಣಿಯನ್ನು ತೆಗೆದಿಡಬೇಕು. ಮೆತ್ತನೆಯ ಗೋಡೆಯ ಸಣ್ಣ ಕೊಳವಾದರೆ ಮಗು ಅದರ ಮೇಲೆ ಒರಗಿದೊಡನೆ ಗೋಡೆ ಬಾಗಿ ಮಗು ಒಳಗೆ ಬೀಳುತ್ತದೆ. ಆಟ ಮುಗಿದೊಡನೆ ನೀರು ಚೆಲ್ಲಿ ಬೋರಲು ಹಾಕುವುದೊಂದೇ ದಾರಿ.

ಈಜುಕೊಳವಿರುವ ಮನೆಗಳು ಈ ಮೂರು ಜಿಲ್ಲೆಗಳಲ್ಲಿ ಕೆಲವೇ ಎಂಬುದು ನಿಜ. ಆದರೆ ನೆಲದಡಿಯ ಸಂಪು ಇಲ್ಲದ ಮನೆ ನಗರಗಳಲ್ಲಿ ಅಪರೂಪ. ನಳದ ನೀರು ಕೆಲವು ದಿನಗಳಿಗೊಮ್ಮೆ ಬರುವ ಊರಿನಲ್ಲಿ ಸಂಪು ಬೇಕೇ ಬೇಕು, ನೀರು ಬಂದಾಗ ಅದರ ಮುಚ್ಚಳ ತೆರೆದೂ ಇರುತ್ತದೆ. ಈಜುಕೊಳಕ್ಕೆ ಹೇಳಿದ ತರ್ಕವೇ ಇಲ್ಲಿಯೂ: ಮಗು ಬರುವುದು ಮನೆಯೊಳಗಿನಿಂದ, ಕಣ್ಣು ತಪ್ಪುವುದು ನಿಮಿಷಗಳ ಕಾಲ. ನೆಲಕ್ಕೆ ಸಮವಾಗಿ ಕೂರಿಸಿದ ತಗಡಿನ ಮುಚ್ಚಳ ಒಳಗಿನ ತೇವಕ್ಕೆ ಅಂಚಿನಿಂದ ತುಕ್ಕು ಹಿಡಿದು ಒಂದು ದಿನ ಕಾಲಿಟ್ಟವರೊಡನೆ ಕುಸಿಯುತ್ತದೆ. ಬಾಯಿಯನ್ನು ನೆಲದಿಂದ ಅರ್ಧ ಅಡಿ ಎತ್ತರಿಸಿ ಕಟ್ಟಿ, ಬೀಗ ಹಾಕುವ ಮುಚ್ಚಳ ಕೂರಿಸಿ, ಮುಚ್ಚಳದ ಕೆಳಗೆ 4 ಇಂಚಿಗಿಂತ ಕಿರಿದಾದ ಸಂದಿನ ಗ್ರಿಲ್ಲೊಂದನ್ನು ಖಾಯಮ್ಮಾಗಿ ಇರಿಸಿದರೆ ಮುಚ್ಚಳ ತೆರೆದಿರುವಾಗಲೂ ತಡೆ ಇರುತ್ತದೆ. ಸಂಪು ತೊಳೆಯುವ ದಿನ ಮಾತ್ರ ಗ್ರಿಲ್ಲನ್ನು ಬಿಚ್ಚಿದರೆ ಸಾಕು.

ಹೊಲಗಳಲ್ಲಿ ಕೃಷಿ ಹೊಂಡವಿದೆ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಒಣಬೇಸಾಯದ ತಾಲ್ಲೂಕುಗಳಲ್ಲಿ ಹೊಂಡಗಳು ಹೆಚ್ಚಿದವು. ನೀರು ಇಂಗದಿರಲೆಂದು ಒಳಗೆ ಹಾಸುವ ಪಾಲಿಥಿನ್ ಹಾಳೆ ಪಾಚಿ ಕಟ್ಟಿದ ಮೇಲೆ ಎಷ್ಟು ಜಾರುತ್ತದೆಯೆಂದರೆ ಈಜು ಬಲ್ಲ ಗಟ್ಟಿ ಆಳೂ ಇಳಿಜಾರನ್ನು ಹತ್ತಿ ಬರಲಾರ. ಈ ಯೋಜನೆಯ ಘಟಕಗಳಲ್ಲಿ ಹೊಂಡದ ಸುತ್ತಲಿನ ತಂತಿ ಬೇಲಿಯೂ ಈಗ ಸೇರಿದೆ, ಇದು ಸರಿಯಾದ ಹೆಜ್ಜೆ. ಆದರೆ ಮೂರು ಸಾಲು ಮುಳ್ಳುತಂತಿ ಎಳೆದರೆ ಎಮ್ಮೆ ನಿಲ್ಲಬಹುದು, ಕುರಿಮರಿಯೂ ಮಗುವೂ ನಿಲ್ಲುವುದಿಲ್ಲ. ಸಾಲುಗಳ ನಡುವೆ ಅಡಿಗಿಂತ ಹೆಚ್ಚು ಸಂದಿರುತ್ತದೆ. ಕೆಳಗಿನ ನಾಲ್ಕಡಿಯಾದರೂ ಜಾಲರಿ ಇರಬೇಕು, ಬೀಗವಿರುವ ಒಂದೇ ಗೇಟು ಇರಬೇಕು. ಜೊತೆಗೆ ದಂಡೆಯ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟ ಗಂಟುಹಗ್ಗ ಎರಡು ಬದಿಗಳಲ್ಲಾದರೂ ಇರಬೇಕು. ಬಿದ್ದವರಿಗೆ ಹಿಡಿಯಲು ಅದೊಂದೇ ಆಧಾರ.

ನಮ್ಮ ದೇಶದಲ್ಲಿ ಇಂಥ ಅಳತೆಯ ನಿಯಮಗಳು ಹೊಸತೇನಲ್ಲ. ತೆರೆದ ಕೊಳವೆಬಾವಿಗಳಲ್ಲಿ ಮಕ್ಕಳು ಬೀಳುವುದನ್ನು ತಡೆಯಲು ಸುಪ್ರೀಂ ಕೋರ್ಟು 2010ರಲ್ಲಿ ಕೊಟ್ಟ ನಿರ್ದೇಶನಗಳಲ್ಲಿ ಬಾವಿ ಕೊರೆಯುವಾಗ ಸುತ್ತ ತಂತಿ ಬೇಲಿ, ಕೇಸಿಂಗ್ ಕೊಳವೆಯ ಸುತ್ತ ನೆಲದಿಂದ 30 ಸೆಂಟಿಮೀಟರ್ ಮೇಲೂ 30 ಸೆಂಟಿಮೀಟರ್ ಕೆಳಗೂ ಇರುವ ಕಾಂಕ್ರೀಟ್ ಕಟ್ಟೆ, ಬಾಯಿಗೆ ಭದ್ರವಾದ ಮುಚ್ಚಳ ಎಲ್ಲವನ್ನೂ ಹೇಳಿದೆ. ಬಾವಿಯ ಒಂದಡಿ ಬಾಯಿಗೆ ಇಷ್ಟು ಎಚ್ಚರ ಬೇಕೆಂದು ಒಪ್ಪಿರುವ ನಾವು ಇಪ್ಪತ್ತಡಿ ಅಗಲದ ನೀರಿಗೆ ಬೇಲಿ ಕೇಳಿದಾಗ ಹಿಂಜರಿಯುವುದು ಸರಿಯಲ್ಲ. ಬೇಲಿ ಹಾಕಿದರೆ ಅಂಗಳದ ಅಂದ ಕೆಡುತ್ತದೆ ಎಂಬ ಮಾತನ್ನು ನಾನು ಹಲವರ ಬಾಯಿಂದ ಕೇಳಿದ್ದೇನೆ. ನೇರ ಕಂಬಿಗಳ ತೆಳುವಾದ ಬೇಲಿ ಹತ್ತು ದಿನಗಳಲ್ಲಿ ಕಣ್ಣಿಗೆ ರೂಢಿಯಾಗುತ್ತದೆ. ಮಕ್ಕಳಿಗೆ ಈಜು ಕಲಿಸಿದ್ದೇವೆ ಎನ್ನುವವರೂ ಇದ್ದಾರೆ; ಕಲಿಸಲೇಬೇಕು, ಆದರೆ ಬಟ್ಟೆ ತೊಟ್ಟು, ಬೆಚ್ಚಿ, ತಲೆಕೆಳಗಾಗಿ ಬಿದ್ದ ಮೂರು ವರ್ಷದ ಮಗುವಿಗೆ ಕಲಿತ ಈಜು ನೆನಪಾಗುತ್ತದೆಂದು ನಂಬಿ ಕೂರುವಂತಿಲ್ಲ. ಮಗು ಕಾಣದಾದಾಗ ಕೋಣೆ, ಬೀದಿ, ಪಕ್ಕದ ಮನೆ ಹುಡುಕುವ ಮೊದಲು ಕೊಳವನ್ನು, ಸಂಪನ್ನು ನೋಡಬೇಕೆಂಬುದನ್ನು ಮನೆಗೆಲಸದವರೂ ಸೇರಿದಂತೆ ಎಲ್ಲರಿಗೂ ಹೇಳಿಟ್ಟಿರಬೇಕು. 108ಕ್ಕೆ ಒಬ್ಬರು ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಬಾಯಿಗೆ ಬಾಯಿಟ್ಟು ಉಸಿರು ಕೊಡಲು, ಎದೆ ಒತ್ತಲು ತಿಳಿದಿರಬೇಕು.

ಬೇಲಿ ಮುಗಿದ ಮೇಲೆ ಅದನ್ನು ಪರೀಕ್ಷಿಸುವುದಕ್ಕೆ ಉಪಕರಣವೇನೂ ಬೇಡ. 4 ಇಂಚು ವ್ಯಾಸದ ಪಿವಿಸಿ ಕೊಳವೆಯ ತುಂಡೊಂದನ್ನು ಹಿಡಿದು ಬೇಲಿಯ ಸುತ್ತ ನಡೆದು, ಎಲ್ಲಿಯಾದರೂ ಅದು ತೂರುತ್ತದೆಯೇ ನೋಡಬೇಕು. ಆಮೇಲೆ ಗೇಟಿನ ಹತ್ತಿರ ನಿಂತು, ಅದನ್ನು ಪೂರ್ತಿ ತೆರೆದು ಕೈ ಬಿಡಬೇಕು. ಅರ್ಧ ತೆರೆದು ಬಿಡಬೇಕು. ಕೊನೆಗೆ ಅಗುಳಿಯಿಂದ ಬರಿಯ ಎರಡು ಇಂಚು ಸರಿಸಿ ಬಿಡಬೇಕು. ಮೊದಲೆರಡು ಪರೀಕ್ಷೆಯಲ್ಲಿ ಬಹುತೇಕ ಗೇಟುಗಳು ಗೆಲ್ಲುತ್ತವೆ, ಸೋಲುವುದು ಮೂರನೆಯದರಲ್ಲಿ. ಆ ಎರಡು ಇಂಚಿನಿಂದಲೂ ಗೇಟು ತಾನಾಗಿ ಬಂದು ಅಗುಳಿ ಟಕ್ಕೆಂದು ಬಿದ್ದರೆ ಕೆಲಸ ಸರಿಯಾಗಿದೆ. ಎರೆ ನೆಲದವರು ಇದನ್ನು ವರ್ಷಕ್ಕೆ ಎರಡು ಬಾರಿಯಾದರೂ ಮಾಡಬೇಕು: ಮುಂಗಾರಿನ ಮೊದಲ ಹದಮಳೆ ಇಳಿದ ಹದಿನೈದು ದಿನಕ್ಕೆ ಒಮ್ಮೆ, ಯುಗಾದಿಯ ಹೊತ್ತಿಗೆ ನೆಲ ಬಿರಿದಾಗ ಇನ್ನೊಮ್ಮೆ.